ಒಂದು ಮಾತನ್ನು ವಾಪಸ್ ತರಲು ಹೋದವಳು

ನಮ್ಮ ಲ್ಯಾಬಿನ ಮೊದಲ ಮಹಡಿಯಲ್ಲಿ ಒಂದು ಕೋಣೆ ಇತ್ತು. ಮಲ್ಲಿಗೆ ಮುಡಿದವರು, ಕೈಗೆ ಕ್ರೀಮ್ ಹಚ್ಚಿಕೊಂಡವರು, ಆಗಷ್ಟೇ ಕಿತ್ತಳೆ ಸುಲಿದು ತಿಂದವರು ಯಾರೂ ಅದರೊಳಗೆ ಹೋಗುವಂತಿರಲಿಲ್ಲ. ಬಾಗಿಲಲ್ಲಿ ನನ್ನ ಗೆಳತಿ ನಿಂತಿರುತ್ತಿದ್ದಳು. ತಪಾಸಣೆಯೆಲ್ಲ ಮೂಗಿನಿಂದಲೇ. "ತಲೆಗೆ ಏನೇ ಹಚ್ಕೊಂಡಿದೀಯ? ನಡಿ ಆಚೆ, ನಾಳೆ ಬಾ," ಎಂದು ಎಷ್ಟೋ ಸಲ ನನ್ನನ್ನೇ ಮೆಟ್ಟಿಲಿನಿಂದ ವಾಪಸ್ ಕಳಿಸಿದ್ದಾಳೆ. ಹೋದ ತಿಂಗಳು ಅವಳ ಅಣ್ಣನ ಮಗಳು ಫೋನ್ ಮಾಡಿ, "ಅತ್ತೆ ಹೋಗ್ಬಿಟ್ರು ಆಂಟಿ," ಎಂದಾಗ ನನಗೆ ಮೊದಲು ನೆನಪಾದದ್ದು ಆ ಮೂಗು. ಅಳು ಆಮೇಲೆ ಬಂತು. ನಾಚಿಕೆ ಅದಕ್ಕೂ ಆಮೇಲೆ ಬಂತು, ಬಂದದ್ದು ಇನ್ನೂ ಹೋಗಿಲ್ಲ.

ನಮ್ಮದು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಖಾಸಗಿ ಲ್ಯಾಬು. ಯಾರು ಏನು ತಂದುಕೊಟ್ಟರೂ ಪರೀಕ್ಷೆ ಮಾಡಿ ರಿಪೋರ್ಟ್ ಕೊಡುವ ಕೆಲಸ. ನಾನು ಕೆಳಗಡೆ. ಮೈದಾ ಹಿಟ್ಟಿನಲ್ಲಿ ತೇವ ಎಷ್ಟು, ಎಣ್ಣೆ ಕನರಿದೆಯೋ ಇಲ್ಲವೋ, ಹಾಲಿನ ಪುಡಿಯಲ್ಲಿ ಜಿಡ್ಡು ಎಷ್ಟು ಎಂದು ನೋಡುವುದು ನನ್ನ ಪಾಲು. ಅವಳು ಮೇಲೆ, ಮಾತ್ರೆ ಕಂಪನಿಗಳ ಸ್ಯಾಂಪಲ್ಲುಗಳ ಜೊತೆ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ಡಬ್ಬಿಯಲ್ಲಿ ಕೈಹಾಕಿ ಊಟ ಮಾಡುತ್ತಿದ್ದವರು. ಸ್ನೇಹ ಗಟ್ಟಿಯಾಗಿತ್ತು. ಆದರೆ ನಮ್ಮಿಬ್ಬರ ನಡುವೆ ಒಂದು ಮಹಡಿ ಇತ್ತು ಎಂಬುದನ್ನು ನಾನು ಯಾವತ್ತೂ ಮರೆತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಊರಿಗೆಲ್ಲ ಹೊಸ ಹೊಸ ಯಂತ್ರ ಬರುತ್ತಿದ್ದ ಕಾಲ. ನಮ್ಮಲ್ಲಿಗೂ ಒಂದು ಮಾಸ್ ಸ್ಪೆಕ್ಟ್ರೋಮೀಟರ್ ಬಂತು, ಕಣಗಳ ತೂಕ ನೋಡಿ ವಸ್ತುವಿನಲ್ಲಿ ಏನೇನಿದೆ ಎಂದು ಹೇಳುವ ಯಂತ್ರ, ಲೀನಿಯರ್ ಅಯಾನ್ ಟ್ರ್ಯಾಪ್ ಇರುವಂಥದ್ದು. ಮೆಟ್ಟಿಲಲ್ಲಿ ಹಿಡಿಸಲಿಲ್ಲವೆಂದು ಕಿಟಕಿಯ ಚೌಕಟ್ಟು ಕಿತ್ತು ಕ್ರೇನಿನಲ್ಲಿ ಮೇಲಕ್ಕೇರಿಸಿದರು. ಅವಳು ರಸ್ತೆ ಮಧ್ಯೆ ನಿಂತು, "ಅಣ್ಣಾ, ನಿಧಾನ! ಅದು ಫ್ರಿಜ್ ಅಲ್ಲ!" ಎಂದು ಕೂಗಿದ್ದಕ್ಕೆ ಎದುರಿನ ಗಾರ್ಮೆಂಟ್ಸಿನ ಹುಡುಗಿಯರೆಲ್ಲ ಹೊರಗೆ ಬಂದು ನೋಡಿದರು. ಆಯುಧಪೂಜೆಗೆ ಬಂದ ಪುರೋಹಿತರನ್ನು ಅವಳು ಆ ಕೋಣೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಕುಂಕುಮದ ಬಣ್ಣ ಒಂದು ಕಣ ಒಳಗೆ ಹೋದರೂ ತಿಂಗಳುಗಟ್ಟಲೆ ಕಾಣುತ್ತಲೇ ಇರುತ್ತದಂತೆ. "ಮಂಗಳಾರತಿ ಕೆಳಗೇ ಮಾಡಿ ಸ್ವಾಮಿ, ದೇವರಿಗೆ ಮೇಲಿಂದಲೂ ಕಾಣುತ್ತೆ," ಎಂದಳು. ಕೊನೆಗೆ ಕುಂಕುಮ ಬಿದ್ದದ್ದು ಹೊರಗಿದ್ದ ಯುಪಿಎಸ್ ಡಬ್ಬದ ಹಣೆಗೆ.

ಆ ಟ್ರ್ಯಾಪ್ ಎಂದರೇನು ಎಂದು ಅವಳು ನನಗೆ ಊಟದ ಹೊತ್ತಿನಲ್ಲಿ ಹೇಳಿಕೊಟ್ಟದ್ದು. ನಾಲ್ಕು ಸರಳುಗಳ ನಡುವೆ ಉದ್ದಕ್ಕೆ ಒಂದಿಷ್ಟು ಜಾಗ. ಔಷಧಿಯನ್ನು ಸಿಂಪಡಿಸಿ ಅದರ ಕಣಗಳಿಗೆ ವಿದ್ಯುತ್ತಿನ ಚಾರ್ಜು ಕೊಟ್ಟು, ಆ ಜಾಗದೊಳಗೆ ಹಿಡಿದಿಟ್ಟು, ಬೇಕಾದ ತೂಕದವನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಆಚೆ ತಳ್ಳುತ್ತಾರೆ. ಹಳೆಯ ಟ್ರ್ಯಾಪ್‌ಗಳಲ್ಲಿ ಕಣಗಳು ಮಧ್ಯದಲ್ಲೇ ಗುಂಪಾಗಿ ಒತ್ತಿಕೊಳ್ಳುತ್ತಿದ್ದವು. ಇದರಲ್ಲಿ ಸಾಲಾಗಿ ನಿಲ್ಲುವುದರಿಂದ ಹೆಚ್ಚು ಹಿಡಿಯುತ್ತದೆ. ಆದರೂ ಮಿತಿ ಮೀರಿ ತುಂಬಿದರೆ ಒಂದನ್ನೊಂದು ತಳ್ಳಾಡಿ ತೂಕ ತಪ್ಪು ತೋರಿಸುತ್ತದೆ. ಅದಕ್ಕೇ ಒಳಗೆ ಬಿಡುವ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂದು ಮಷಿನ್ ತಾನೇ ತೀರ್ಮಾನಿಸುತ್ತದೆ.

"ನಿಮ್ಮ ವಿಜಯನಗರದ ಟೆಂಪೋ ಥರ ಕಣೇ," ಎಂದಳು ಕೈಯಲ್ಲಿ ಚಪಾತಿ ಹಿಡಿದು. "ಆಫೀಸ್ ಟೈಮಲ್ಲಿ ಜನ ತಕ್ಷಣ ತುಂಬ್ತಾರೆ, ಬಾಗಿಲು ಹಾಕಿ ಹೊರಡ್ತಾನೆ. ಮಧ್ಯಾಹ್ನ ಯಾರೂ ಇರಲ್ಲ, ಕಾಯ್ತಾನೇ ಇರ್ತಾನೆ. ಅಡ್ರೆಸ್ ಕೇಳೋಕೆ ಬಂದೋನನ್ನೂ ಎಳ್ಕೊಂಡು ಕೂರಿಸ್ಕೋತಾನೆ." ಮತ್ತೊಂದು ಮಾತನ್ನೂ ಹೇಳಿದಳು. ಪರದೆಯ ಮೇಲೆ ಚಿತ್ರ ಬರುವಾಗ ಎಲ್ಲಕ್ಕಿಂತ ದೊಡ್ಡ ಗೆರೆಯನ್ನು ಯಾವಾಗಲೂ ಪೂರ್ತಿ ಎತ್ತರಕ್ಕೇ ಎಳೆದು ತೋರಿಸುತ್ತದೆ, ಇರುವುದು ಚಿಟಿಕೆಯಾಗಲಿ ಚೀಲವಾಗಲಿ. ನಿಜವಾಗಿ ಎಷ್ಟಿತ್ತು, ಬಾಗಿಲು ಎಷ್ಟು ಹೊತ್ತು ತೆರೆದಿತ್ತು ಎಂಬುದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ನೋಡದವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಉರಿಯುವುದಕ್ಕೆ ಅವಳಿಗೆ ಸಣ್ಣ ಕಾರಣವೇ ಸಾಕಾಗುತ್ತಿತ್ತು. ಗಾಜಿನ ಪಾತ್ರೆ ತೊಳೆದದ್ದು ಸರಿಯಿಲ್ಲವೆಂದರೆ ಇಡೀ ಟ್ರೇ ನಮ್ಮ ಸಿಂಕಿಗೆ ವಾಪಸ್ ಬರುತ್ತಿತ್ತು. "ಕೆಳಗಡೆಯವರಿಗೆ ತೂಕ ಹಾಕೋದು ಒಂದು ಗೊತ್ತು," ಎಂದು ನನ್ನ ಎದುರಿಗೇ ಅನ್ನುವಳು, ನಾನು ಕೆಳಗಡೆಯವಳು ಎಂಬುದು ಅವಳಿಗೆ ಹೊಳೆಯುತ್ತಲೇ ಇರಲಿಲ್ಲ. ಯಾವ ಸ್ಯಾಂಪಲ್ ಹಾಕುವ ಮೊದಲೂ ಬರೀ ದ್ರಾವಕವನ್ನು ಮಷಿನ್ನಿಗೆ ಕೊಟ್ಟು, ಹಿಂದಿನದರ ಅಂಶ ಏನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೆ ಬ್ಲ್ಯಾಂಕ್ ಎನ್ನುತ್ತಿದ್ದರು. ಯಾರ ಮನೆಯ ಸುದ್ದಿ ಹೇಳಹೊರಟರೂ ಅವಳದ್ದು ಒಂದೇ ಪ್ರಶ್ನೆ: "ಬ್ಲ್ಯಾಂಕ್ ಹಾಕಿ ನೋಡಿದ್ಯೇನೇ?" ಅಂಥ ಪ್ರಶ್ನೆ ಬಿದ್ದ ಮೇಲೆ ಹರಟೆ ಎಲ್ಲಿ ಮುಂದುವರಿಯುತ್ತದೆ!

ಅವಳು ಮದುವೆಯಾಗಿರಲಿಲ್ಲ. ಮಹಾಲಕ್ಷ್ಮಿ ಲೇಔಟಿನ ಏರು ರಸ್ತೆಯೊಂದರಲ್ಲಿ ತಾಯಿಯ ಜೊತೆ ಇದ್ದಳು. ಆ ರಸ್ತೆಯ ಕೊನೆಗೆ ವಿಜಾಪುರದ ಕಡೆಯಿಂದ ಬಂದ ಒಬ್ಬ ಹೆಂಗಸು ಸಣ್ಣ ಅಂಗಡಿ ಇಟ್ಟಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಜೊತೆಗೆ ಅವಳ ಅಜ್ಜಿಯ ಕಾಲದಿಂದ ಬಂದ ಮಂಡಿನೋವಿನ ಲೇಹ್ಯ. ನಂದಿನಿ ಲೇಔಟಿನಲ್ಲಿ ಒಂದೇ ಕೋಣೆಯಲ್ಲಿ ತಂಗಿಯ ಜೊತೆ ವಾಸ. ಬೆಳಿಗ್ಗೆಯೇ ಬಂದು ರೊಟ್ಟಿ ಬಡಿಯುವ ಸದ್ದು ಇಡೀ ರಸ್ತೆಗೆ ಕೇಳುತ್ತಿತ್ತು. ಎಲ್ಲರೂ ಅವಳನ್ನು ರೊಟ್ಟಿ ಅಕ್ಕ ಎನ್ನುತ್ತಿದ್ದರು. ಅಂಗಡಿಯನ್ನು ಅವಳಿಗೆ ಬಾಡಿಗೆಗೆ ಕೊಟ್ಟ ಯಜಮಾನರು ಅಲ್ಲಿನ ಹಳೆಯ ಹಳ್ಳಿಯವರು. ಲೇಔಟ್ ಆಗುವ ಮೊದಲು ಅವರ ಮನೆಯವರು ಅದೇ ಜಾಗದಲ್ಲಿ ರಾಗಿ ಬೆಳೆದವರು. ಅಂಗಡಿ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಅವರು ಆಡಿದ್ದೇ ಆ ರಸ್ತೆಯಲ್ಲಿ ಕೊನೆಯ ಮಾತು.

ನನ್ನ ಗೆಳತಿಯ ತಾಯಿಯೂ ಆ ಲೇಹ್ಯ ತೆಗೆದುಕೊಂಡರು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದವರು ಕೆಲವೇ ದಿನಗಳಲ್ಲಿ ಗುಡಿಗೆ ನಡೆದು ಹೋಗಿ ಬಂದರು. ಮಗಳಿಗೆ ಖುಷಿಯಾಗುವ ಬದಲು ಅನುಮಾನವಾಯಿತು. ಮಂಡಿನೋವಿನ ನಾಟಿ ಔಷಧಿಗಳಿಗೆ ಕಳ್ಳತನದಿಂದ ಸ್ಟೀರಾಯ್ಡ್ ಬೆರೆಸುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿದ್ದ ಸಂಗತಿ. ನೋವು ಮಾಯವಾಗುತ್ತದೆ, ಆಮೇಲೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಹೊರಟ ಮೇಲೆ ಅವಳು ಒಂದು ಚಮಚ ಲೇಹ್ಯವನ್ನು ಕರಗಿಸಿ, ಸೋಸಿ, ಮಷಿನ್ನಿಗೆ ಕೊಟ್ಟಳು. ಸ್ಟೀರಾಯ್ಡಿನ ಗುರುತು ಪರದೆಯ ಮೇಲೆ ಪೂರ್ತಿ ಎತ್ತರಕ್ಕೆ ಎದ್ದು ನಿಂತಿತು.

ಸಂಜೆ ಗೇಟಿನ ಹತ್ತಿರ ಪಕ್ಕದ ಮನೆಯವರು, "ಅಮ್ಮ ಓಡಾಡ್ತಿದಾರಲ್ಲ ಮೇಡಂ, ಲೇಹ್ಯ ಚೆನ್ನಾಗಿ ಹಿಡೀತಾ?" ಎಂದು ಕೇಳಿದರಂತೆ. "ಅದನ್ನ ಮುಟ್ಟಬೇಡಿ. ಸ್ಟೀರಾಯ್ಡ್ ಇದೆ ಅದ್ರಲ್ಲಿ. ನಾನೇ ಮಷಿನ್‌ನಲ್ಲಿ ನೋಡಿದೀನಿ," ಎಂದಳು. ಅಷ್ಟೇ. ಭಾನುವಾರ ಬೆಳಿಗ್ಗೆ ರೊಟ್ಟಿ ಅಕ್ಕನ ಅಂಗಡಿಯಲ್ಲಿ ಲೇಹ್ಯ ಹೋಗಲಿ, ರೊಟ್ಟಿಯೂ ಮಾರಾಟವಾಗಲಿಲ್ಲ.

ಸೋಮವಾರ ಅವಳು ಊಟಕ್ಕೆ ಇಳಿದು ಬರಲಿಲ್ಲ. ನಾನೇ ಮೇಲೆ ಹೋದೆ. ಆವತ್ತು ನನ್ನ ತಲೆಯಲ್ಲಿ ಹೂವಿತ್ತು, ಅವಳ ಮೂಗಿಗೆ ಅದು ತಿಳಿಯಲೇ ಇಲ್ಲ. ಪರದೆಯ ಮುಂದೆ ಕೈ ಕಟ್ಟಿಕೊಂಡು ಕೂತಿದ್ದಳು.

"ಬೆಳಿಗ್ಗೆ ಬರೀ ದ್ರಾವಕ ಹಾಕ್ದೆ ಕಣೇ," ಎಂದಳು. "ಅದರಲ್ಲೂ ಅದೇ ಬಂತು. ಅದೇ ಚಿತ್ರ, ಅಷ್ಟೇ ಎತ್ತರ."

ಅದರ ಹಿಂದಿನ ವಾರವೆಲ್ಲ ಒಂದು ಕಂಪನಿಯ ಸ್ಟೀರಾಯ್ಡ್ ಮಾತ್ರೆಗಳನ್ನೇ ಅವಳು ಪರೀಕ್ಷೆ ಮಾಡಿದ್ದಳು. ಅದರ ಅಂಶ ಎಲ್ಲೋ ಸೂಜಿಯಲ್ಲೋ ನಳಿಕೆಯಲ್ಲೋ ಅಂಟಿಕೊಂಡಿತ್ತು. ಲೇಹ್ಯದಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲವಾದ್ದರಿಂದ ಟ್ರ್ಯಾಪ್ ಬಾಗಿಲು ತೆರೆದುಕೊಂಡು ಕಾದು ಕಾದು, ಆ ಅಂಟಿಕೊಂಡದ್ದನ್ನೇ ಒಂದೊಂದಾಗಿ ಆರಿಸಿ ಒಳಗೆ ತುಂಬಿಕೊಂಡಿತ್ತು. ಮೂಲೆಯ ಸಣ್ಣಕ್ಷರದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ಅವಳು ಓದಿರಲಿಲ್ಲ. ಬ್ಲ್ಯಾಂಕೂ ಹಾಕಿರಲಿಲ್ಲ, ಮನೆಯ ಲೇಹ್ಯ ತಾನೇ ಎಂದು.

"ನಾನು ಮೊದಲೇ ಇದೆ ಅಂತ ಅಂದ್ಕೊಂಡಿದ್ದೆ. ಇದೆ ಅಂತ್ಲೇ ಕಾಣಿಸ್ತು. ಸಾಕಾಯ್ತು ನಂಗೆ," ಎಂದಳು. ಆಮೇಲೆ ಮುಖ ಮುಚ್ಚಿಕೊಂಡು, "ನಾಚಿಕೆಯಾಗ್ತಿದೆ ಕಣೇ, ಮೈಮೇಲೆ ಬಟ್ಟೆ ಇಲ್ಲದಷ್ಟು ನಾಚಿಕೆ," ಎಂದಳು. ಅವಳ ಬಾಯಿಂದ ಅಂಥ ಮಾತು ಕೇಳಿ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ನಳಿಕೆ ಬದಲಾಯಿಸಿ, ತೊಳೆದು, ಬ್ಲ್ಯಾಂಕ್ ಹಾಕಿ, ಲೇಹ್ಯವನ್ನು ಮತ್ತೆ ನೋಡಿದಳು. ಏನೂ ಇರಲಿಲ್ಲ. ನಮ್ಮ ಮ್ಯಾನೇಜರ್ ಬಳಿ ಹೋಗಿ, ಲ್ಯಾಬಿನ ಕಡೆಯಿಂದ ನಾಲ್ಕು ಸಾಲು ಬರೆದುಕೊಡಿ ಎಂದು ಕೇಳಿದಳು. ಅವರು ನಕ್ಕರು. "ನಾವು ರಿಪೋರ್ಟ್ ಕೊಟ್ಟೇ ಇಲ್ಲವಲ್ಲಮ್ಮ. ಕೊಡದೇ ಇರೋದನ್ನ ತಿದ್ದೋದು ಹ್ಯಾಗೆ? ನೀವು ಬಾಯಲ್ಲಿ ಏನೋ ಅಂದ್ರಿ, ಬಾಯಲ್ಲೇ ಸರಿ ಮಾಡ್ಕೊಳ್ಳಿ." ಆವತ್ತೇ ಸಂಜೆ ಅವಳು ರೊಟ್ಟಿ ಅಕ್ಕನ ಅಂಗಡಿಗೆ ಹೋದಳು, ಜೊತೆಗೆ ನನ್ನನ್ನೂ ಎಳೆದುಕೊಂಡು.

ರೊಟ್ಟಿ ಅಕ್ಕ ಎದ್ದು ಏನೂ ನಿಲ್ಲಲಿಲ್ಲ. "ಬರ್ರೀ ಅಕ್ಕಾರ. ಇನ್ನೇನ್ ಹೇಳೂದು ಉಳದೈತಿ?" ಎಂದಳು. ತಿಂಗಳು ಮುಗಿಯುವುದರೊಳಗೆ ಅಂಗಡಿ ಖಾಲಿ ಮಾಡೆಂದು ಯಜಮಾನರು ಹೇಳಿಯಾಗಿತ್ತು. ಅವರೂ ಮಂಡಿಗೆ ಆ ಲೇಹ್ಯ ತಿಂದವರು, ವಿಷ ತಿನ್ನಿಸಿದಳೆಂಬ ಸಿಟ್ಟು ಅವರಿಗೆ.

"ತಪ್ಪು ನಂದು," ಎಂದಳು ಇವಳು. "ನಿಮ್ಮ ಲೇಹ್ಯದಲ್ಲಿ ಏನೂ ಇಲ್ಲ. ಹಿಂದಿನ ಔಷಧಿ ಮಷಿನ್‌ನಲ್ಲಿ ಉಳ್ಕೊಂಡಿತ್ತು, ನಾನು ನೋಡಲಿಲ್ಲ."

"ಇದನ್ನ ನನ್ನ ಮುಂದ ಹೇಳಿದ್ರ ಏನ್ ಬಂತ್ರೀ? ನಾ ಏನ್ ಹಾಕೀನಿ ಅನ್ನೂದು ನನಗ ಗೊತ್ತೈತಿ. ಯಾರ ಮುಂದ ಅಂದೀರಿ, ಅವರ ಮುಂದ ಹೋಗಿ ಅನ್ರಿ. ಮಾತು ನಿಮ್ಮದು, ಎಲ್ಲೆಲ್ಲಿ ಹೋಗೇತಿ ಅಲ್ಲೆಲ್ಲಾ ಹೋಗಿ ನೀವ ಹಿಂದಕ್ಕ ತರ್ರಿ."

ಅವಳು ಹೋದಳು. ಆಫೀಸಿನಿಂದ ಬಂದವಳೇ ಕೈಕಾಲು ತೊಳೆದು ಒಂದೊಂದೇ ಮನೆಯ ಗೇಟು ತಟ್ಟಿದಳು. ಬೇಡವೆಂದರೂ ಕೆಲವು ದಿನ ನಾನೂ ಹೋದೆ. ಅವಳಂಥ ಬಿಗುಮಾನದ ಹೆಂಗಸು ಅಪರಿಚಿತರ ಜಗಲಿಯಲ್ಲಿ ನಿಂತು "ನಾನು ತಪ್ಪು ಹೇಳಿದೆ" ಅನ್ನುವುದನ್ನು ಪಕ್ಕದಲ್ಲಿ ನಿಂತು ಕೇಳುವುದು ಸುಲಭದ ಮಾತಲ್ಲ. ನಾನು ಚಪ್ಪಲಿ ಸರಿ ಮಾಡಿಕೊಳ್ಳುವವಳಂತೆ ಬಗ್ಗುತ್ತಿದ್ದೆ. ಆದರೆ ನಾವು ನೆನೆಸದೇ ಇದ್ದದ್ದು ಒಂದು ಆಯಿತು. ಯಾರೂ ಅವಳನ್ನು ನಂಬಲಿಲ್ಲ.

"ಎಂಥ ಒಳ್ಳೆ ಮನಸ್ಸು ಮೇಡಂ ನಿಮ್ದು," ಎಂದರು ಒಬ್ಬರು. "ಪಾಪ, ಅವಳ ಹೊಟ್ಟೆ ಮೇಲೆ ಹೊಡೀಬಾರ್ದು ಅಂತ ತಪ್ಪು ನಿಮ್ ಮೇಲೆ ಹಾಕ್ಕೊಳ್ತಿದೀರಿ," ಎಂದರು ಇನ್ನೊಬ್ಬರು. ಒಂದು ಮನೆಯಲ್ಲಿ ಅವಳನ್ನು ಕೂರಿಸಿ ಕಾಫಿ ಕೊಟ್ಟು, ಮಕ್ಕಳನ್ನು ಕರೆದು, ನೋಡಿ ಕಲಿಯಿರಿ ಎಂದರು. ಅವಳು ಹೇಳಿದಷ್ಟೂ ಅವಳ ಹೆಸರು ಮೇಲೇರಿತು, ರೊಟ್ಟಿ ಅಕ್ಕನದ್ದು ಇನ್ನಷ್ಟು ಕೆಳಗಿಳಿಯಿತು. ಯಜಮಾನರಂತೂ ಕಲ್ಲುಬೆಂಚಿನಿಂದ ಏಳದೆಯೇ, "ಮಷಿನ್ ಸುಳ್ಳು ಹೇಳ್ತದಾ ಮೇಡಂ? ನೀವು ಓದಿದೋರು. ನಿಮ್ಮ ಕೈಲಿ ತಪ್ಪಾಯ್ತು ಅಂದ್ರೆ ನಂಬೋಕೆ ನಾವೇನು ದಡ್ಡರಾ?" ಎಂದುಬಿಟ್ಟರು. ವಾಪಸ್ ಬರುವಾಗ ಅವಳು ಸಿಟ್ಟಿನಿಂದ ರಸ್ತೆ ಮಧ್ಯೆಯೇ ನಿಂತುಬಿಟ್ಟಳು. "ನನ್ನ ಒಳ್ಳೇತನ ಯಾರಿಗೆ ಬೇಕಿತ್ತೇ? ನನ್ನ ತಪ್ಪು ಯಾಕೆ ಯಾರೂ ತಗೊಳ್ತಿಲ್ಲ?"

ಆಮೇಲೆ ಅವಳು ಮಾತಿನ ಧಾಟಿ ಬದಲಾಯಿಸಿದಳು. ಒಂದು ಸಲ ತಪ್ಪಾಯಿತು ಎನ್ನುವುದನ್ನು ಬಿಟ್ಟು, ತನಗೆ ಆ ಮಷಿನ್ನೇ ಸರಿಯಾಗಿ ಬರುವುದಿಲ್ಲ ಎನ್ನತೊಡಗಿದಳು. ತರಕಾರಿ ಗಾಡಿಯ ಹತ್ತಿರ, ಹಾಲಿನ ಬೂತಿನ ಹತ್ತಿರ, ಬಸ್ ಸ್ಟಾಪಿನಲ್ಲಿ. ನಮ್ಮ ಲ್ಯಾಬಿಗೆ ಮಾತ್ರೆ ಕಳಿಸುತ್ತಿದ್ದ ಕಂಪನಿಯ ನೌಕರರೊಬ್ಬರು ಅದೇ ರಸ್ತೆಯಲ್ಲಿದ್ದರು. ಮಾತು ಅವರ ಕಿವಿಗೆ ಬಿದ್ದು, ಅಲ್ಲಿಂದ ನಮ್ಮ ಮ್ಯಾನೇಜರ್ ಕಿವಿಗೆ ಬರಲು ತಡವಾಗಲಿಲ್ಲ.

"ನಮ್ಮ ಲ್ಯಾಬಲ್ಲೇ ಇದ್ಕೊಂಡು ನಮ್ಮ ಮಷಿನ್ ನಂಬಬೇಡಿ ಅಂತ ಬೀದೀಲಿ ಹೇಳ್ಕೊಂಡು ತಿರುಗ್ತೀರಾ?" ಎಂದು ಅವರು ಕೂಗಿದ್ದು ಕೆಳಗಡೆ ನಮಗೆಲ್ಲ ಕೇಳಿಸಿತು. ಹಾಗೆ ಹೇಳಿಲ್ಲವೆಂದರೆ ಸಾಕಿತ್ತು. ಅವಳು ಹೇಳಿದೆ ಎಂದಳು. ಮರುದಿನ ಟ್ರ್ಯಾಪ್ ರೂಮಿನ ಬೀಗದ ಕೈ ಬೇರೊಬ್ಬರ ಕೈಗೆ ಹೋಯಿತು, ಅವಳು ಕೆಳಗೆ ನನ್ನ ಪಕ್ಕದ ಮೇಜಿಗೆ ಬಂದಳು.

ಉಳಿದ ವರ್ಷಗಳನ್ನೆಲ್ಲ ಅವಳು ಅಲ್ಲೇ ಕಳೆದಳು, ಮೈದಾ ಹಿಟ್ಟು ಒಣಗಿಸುತ್ತಾ, ತೂಗುತ್ತಾ. ಒಂದು ದಿನವೂ ಗೊಣಗಲಿಲ್ಲ. ಮೇಲಿನವರು ಏನಾದರೂ ಕೇಳಲು ಬಂದರೆ ಹೇಳಿಕೊಡುವಳು, ಆದರೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಬೈಗುಳ ಮಾತ್ರ ಕಮ್ಮಿಯಾಗಲಿಲ್ಲ, ಈಗ ನಮ್ಮ ತಕ್ಕಡಿಗಳ ಸರದಿ. ಮನೆಯಿಂದ ಹುಣಿಸೆಹಣ್ಣಿನ ಗೊಜ್ಜು ತಂದು ಎಲ್ಲರಿಗೂ ಬಡಿಸುವಳು. ನನ್ನ ಮಗಳ ಮದುವೆಯಲ್ಲಿ ಉಗ್ರಾಣದ ಉಸ್ತುವಾರಿ ಅವಳದ್ದೇ. ಸ್ನೇಹ ಹಾಗೇ ಇತ್ತು ಎಂದು ನೋಡಿದವರು ಹೇಳುತ್ತಾರೆ. ಹಾಗೇ ಇತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಕಾರಣ ಅವಳು ಕೆಳಗೆ ಬಂದ ವಾರವೇ ನಡೆದದ್ದು.

ತಿಂಗಳು ಮುಗಿಯುತ್ತಾ ಬಂದಿತ್ತು. ರೊಟ್ಟಿ ಅಕ್ಕನ ಹಂಚು, ಡಬ್ಬಿಗಳೆಲ್ಲ ಗೋಣಿಚೀಲ ಸೇರಿದ್ದವು. ಆ ಸಂಜೆ ಗೆಳತಿ ನನ್ನನ್ನು ಕರೆದುಕೊಂಡು ಮತ್ತೆ ಯಜಮಾನರ ಬಳಿ ಹೊರಟಳು. ದಾರಿಯಲ್ಲಿ, "ನನ್ನ ಮಾತು ಅವರು ನಂಬಲ್ಲ. ನೀನು ಅದೇ ಆಫೀಸಿನವಳು. ಕೇಳಿದ್ರೆ ಹೌದು ಅನ್ನು, ಅಷ್ಟೇ ಸಾಕು," ಎಂದಳು.

ಯಜಮಾನರು ಬೆಂಚಿನ ಮೇಲಿದ್ದರು. ರೊಟ್ಟಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಇವಳು ಮುಂದೆ ಹೋಗಿ, "ಯಜಮಾನ್ರೇ, ನನ್ನ ಆ ಕೆಲಸದಿಂದ ತೆಗೆದುಬಿಟ್ರು. ಮಷಿನ್ ಬರಲ್ಲ ಅಂತ," ಎಂದಳು. ಅವರು ಅವಳನ್ನು ದಾಟಿ ನನ್ನ ಕಡೆ ನೋಡಿದರು.

"ಏನಮ್ಮಾ, ನಿಜಾನಾ ಇದು? ನೀವೂ ಅಲ್ಲೇ ತಾನೇ ಕೆಲ್ಸ ಮಾಡೋದು?"

"ಹೌದು," ಎಂದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಯಜಮಾನರು ಇನ್ನೂ ನೋಡುತ್ತಿದ್ದರು. ನನ್ನ ಬಾಯಿ ತಾನಾಗಿಯೇ ಮುಂದುವರಿಯಿತು. "ಇವ್ರದ್ದು ಮೊದಲಿಂದಲೂ ಹೀಗೇ ಸಾರ್. ಆ ರೂಮಿಗೆ ಯಾರನ್ನೂ ಬಿಡ್ತಾ ಇರ್ಲಿಲ್ಲ. ಹೂವಿನ ವಾಸನೆ, ಎಣ್ಣೆ ವಾಸನೆ ಅಂತ ನೆಪ. ಯಾರಾದ್ರೂ ಒಳಗೆ ಬಂದ್ರೆ ತನಗೆ ಬರಲ್ಲ ಅನ್ನೋದು ಗೊತ್ತಾಗ್ಬಿಡುತ್ತಲ್ಲ! ನಾವು ಕೆಳಗಡೆಯವರು ಏನೂ ಗೊತ್ತಿಲ್ಲದೋರು, ಇವ್ರೊಬ್ರೇ ಎಲ್ಲಾ ತಿಳಿದೋರು. ಮೇಲೆ ಕೂತ್ಕೊಂಡು ಜಂಬ ಕೊಚ್ಕೊಳ್ಳೋದು ಬಿಟ್ರೆ ಏನೂ ಮಾಡ್ತಾ ಇರ್ಲಿಲ್ಲ. ಈಗ ಬಂದಿದಾರೆ ನೋಡಿ ಕೆಳಗೆ, ಹಿಟ್ಟು ತೂಗೋಕೆ."

ಅವಳಿಗೆ ಕೆಲಸ ಬರಲ್ಲ ಎಂದದ್ದರಲ್ಲಿ ಒಂದಕ್ಷರವೂ ನಿಜವಲ್ಲ. ಆದರೆ ಮಾತು ಎಲ್ಲೂ ತಡವರಿಸಲಿಲ್ಲ. ಉಪ್ಪು ಖಾರ ಹದವಾಗಿ ಬಿದ್ದಿತ್ತು. ಯಜಮಾನರು ಮೊದಲು ಹುಬ್ಬೇರಿಸಿದರು, ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. "ಅಂಗೇನು! ಅಲ್ಲಾ, ಇಂಥೋರ ಮಾತು ಕಟ್ಕೊಂಡು ನಾವು ಪಾಪದ ಹೆಂಗಸನ್ನ ಬೀದಿಗೆ ಹಾಕ್ತಿದ್ವಲ್ಲ!" ಎಂದು, ಒಳಗೆ ತಿರುಗಿ, "ಏಯ್ ರೊಟ್ಟಿ ಅಕ್ಕ, ಗಂಟು ಬಿಚ್ಚಮ್ಮ. ಎಲ್ಲೂ ಹೋಗ್ಬೇಡ. ಒಂದು ಡಬ್ಬಿ ಲೇಹ್ಯ ಕೊಡು ಇಲ್ಲಿ," ಎಂದರು.

ರೊಟ್ಟಿ ಅಕ್ಕ ನನ್ನನ್ನಾಗಲೀ ಯಜಮಾನರನ್ನಾಗಲೀ ನೋಡಲಿಲ್ಲ. ಇವಳನ್ನೇ ನೋಡುತ್ತಿದ್ದಳು. ಇವಳು ಏನೂ ಆಗದವಳಂತೆ ಅವಳಿಗೆ ತಲೆಯಾಡಿಸಿ ಮೆಟ್ಟಿಲಿಳಿದಳು.

ನನ್ನನ್ನು ಬಸ್ ಹತ್ತಿಸಲು ಅವಳೂ ಸ್ಟಾಪಿನವರೆಗೆ ಬಂದಳು. ಅಲ್ಲಿ ನಾನೇ, "ಸ್ವಲ್ಪ ಜಾಸ್ತಿ ಹೇಳ್ಬಿಟ್ನೇನೋ," ಎಂದೆ.

"ಇಲ್ಲ, ಅಷ್ಟು ಬೇಕಾಗಿತ್ತು. ಬರೀ ಹೌದು ಅಂದಿದ್ರೆ ಅವ್ರು ನಂಬ್ತಾ ಇರ್ಲಿಲ್ಲ," ಎಂದಳು. ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ನನ್ನ ಹೆಗಲಿನಿಂದ ಜಾರಿದ್ದ ಬ್ಯಾಗನ್ನು ಸರಿ ಮಾಡಿ, ಸಿಟ್ಟಿಲ್ಲದ ದನಿಯಲ್ಲಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಎಷ್ಟು ವರ್ಷದಿಂದ ಇತ್ತೇ ಅದು ನಿನ್ನೊಳಗೆ?"

ನಾನು ಬಸ್ ಹತ್ತಿದೆ.